ಗುಜರಿಯಲ್ಲಿ ಕಾಣುವ ತೋಟೆಯ ಅಚ್ಚು: ಗುರುತು ಹೇಗೆ, ಕೊಳ್ಳಬಹುದೆ?

ಅಡಿಕೆ ಕೊಯ್ಲಿನ ಗಡಿಬಿಡಿಯ ದಿನಗಳಲ್ಲಿ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಕಚೇರಿಗೆ ಬಂದು ನಮ್ಮ ಕೈಗೆ ಒಂದು ಚೀಟಿ ಕೊಟ್ಟರು. “ಸೆಕ್ರೆಟರಿಯವರೆ, ನೀವು ಹೇಗೂ ಕಾಫಿ ಬೋರ್ಡಿನ ಕೆಲಸಕ್ಕೆ ಬೆಂಗಳೂರಿಗೆ ಹೋಗುತ್ತೀರಿ. ಶಿವಾಜಿನಗರದ ಗುಜರಿಯಲ್ಲಿ ತೋಟೆ ತುಂಬುವ ಡೈ ಸಿಕ್ಕುತ್ತದಂತೆ. ಹಳೆಯದಾದರೂ ಅಡ್ಡಿಯಿಲ್ಲ, ಒಂದು ಜೊತೆ ತನ್ನಿ” ಎಂದರು. ಅವರಲ್ಲಿ ಲೈಸೆನ್ಸಿರುವ ಹನ್ನೆರಡು ಬೋರಿನ ಜೋಡುನಳಿಗೆ ಕೋವಿಯಿದೆ. ಹಂದಿ ಬಾಳೆ ಉರುಳಿಸುತ್ತದೆ, ಮಂಗ ಎಳೆ ಅಡಿಕೆ ಉದುರಿಸುತ್ತದೆ, ತೋಟೆಯ ಬೆಲೆ ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಹಾರಿಸಿದ ತೋಟೆಯನ್ನೇ ಮತ್ತೆ ತುಂಬಿಕೊಂಡರೆ ನಾಲ್ಕು ಕಾಸು ಉಳಿದೀತು ಎಂಬುದು ಅವರ ಲೆಕ್ಕ. ಅವರ ತಂದೆಯವರ ಕಾಲದಲ್ಲಿ ಹಾಗೆ ಮಾಡುತ್ತಿದ್ದುದನ್ನು ಅವರು ಕಣ್ಣಾರೆ ಕಂಡವರು.

ನಾವೂ ಆ ಚೀಟಿಯನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೋದೆವು. ಅಲ್ಲಿ ಕಂಡದ್ದನ್ನೂ ಹಿಂದಿರುಗಿ ಬಂದು ಕಾಯಿದೆ ಪುಸ್ತಕ ತೆರೆದಾಗ ತಿಳಿದದ್ದನ್ನೂ ಸದಸ್ಯರೆಲ್ಲರ ಗಮನಕ್ಕೆ ತರುವುದು ಅಗತ್ಯವೆನಿಸಿತು. ನಮ್ಮಲ್ಲಿ ಕೋವಿ ಇರುವ ಮನೆಗಳು ಹಲವು. ಅಟ್ಟದ ಮೇಲೆ ಅಜ್ಜನ ಕಾಲದ ಪೆಟ್ಟಿಗೆ ಇರುವ ಮನೆಗಳು ಅದಕ್ಕಿಂತ ಹೆಚ್ಚು.

ಶಿವಾಜಿನಗರದ ತಟ್ಟೆ

ನಮಗೆ ಬೇಕಾಗಿದ್ದುದು ಪೈಪಿಗೆ ಥ್ರೆಡ್ ಹಾಕುವ ಡೈ ಸೆಟ್ಟು. ತೋಟದ ನೀರಿನ ಸಾಲಿನಲ್ಲಿ ಹಳೆಯ ಜಿ.ಐ. ಪೈಪುಗಳು ಇನ್ನೂ ಉಳಿದಿವೆ. ಪ್ರತಿ ಬೇಸಿಗೆಯಲ್ಲೂ ಒಂದೆರಡು ಕಡೆ ಕತ್ತರಿಸಿ ಹೊಸ ಥ್ರೆಡ್ ಹಾಕಬೇಕಾಗುತ್ತದೆ. ರಸೆಲ್ ಮಾರುಕಟ್ಟೆಯ ಸುತ್ತಿನ ಬೀದಿಗಳಲ್ಲಿ ಹಳೆಯ ಮೋಟಾರು ಭಾಗ, ಬೇರಿಂಗು, ಸ್ಪ್ಯಾನರು, ಟ್ಯಾಪು, ಡೈಗಳನ್ನು ತಟ್ಟೆಗಳಲ್ಲಿ ಸುರಿದುಕೊಂಡು ಕೂರುವ ವ್ಯಾಪಾರಿಗಳನ್ನು ನೋಡಿದ ಸದಸ್ಯರು ಅನೇಕರಿದ್ದೀರಿ.

ಅಂಥ ಒಂದು ತಟ್ಟೆಯಲ್ಲಿ ಪೈಪು ಡೈಗಳ ನಡುವೆ ಹೆಬ್ಬೆರಳಿಗಿಂತ ದಪ್ಪನಾದ, ಎರಡೂವರೆ ಅಂಗುಲ ಉದ್ದದ ಉಕ್ಕಿನ ತುಂಡೊಂದು ಬಿದ್ದಿತ್ತು. ಹೊರಮೈಗೆಲ್ಲ ನಯವಾದ ಥ್ರೆಡ್, ಅದರ ಮೇಲೆ ಒಂದು ಬಿಗಿ ಬಳೆ. “ಅರ್ಧ ಇಂಚಿನ ಪೈಪಿನ ಬುಷ್ ಸಾರ್, ತಗೊಂಡು ಹೋಗಿ” ಎಂದ ವ್ಯಾಪಾರಿ. ಅವನ ಮಾತಿನಲ್ಲಿ ಮೋಸವಿರಲಿಲ್ಲ. ಅರ್ಧ ಇಂಚಿನ ಪೈಪಿಗೂ ಇಂಚಿಗೆ 14 ಥ್ರೆಡ್, ಈ ತುಂಡಿನ ಹೊರಮೈಗೂ ಇಂಚಿಗೆ 14 ಥ್ರೆಡ್. ನೋಟಕ್ಕೆ ಎರಡೂ ಒಂದೇ. ಆದರೆ ಕನ್ನಡಕ ಹಾಕಿಕೊಂಡು ತುದಿಯನ್ನು ಒರೆಸಿ ನೋಡಿದಾಗ ಅಲ್ಲಿ 303 ಎಂಬ ಅಂಕಿ ಕೊರೆದಿರುವುದು ಕಂಡಿತು. ಅದು ಪೈಪಿನ ಬುಷ್ ಆಗಿರಲಿಲ್ಲ. ರೈಫಲ್ಲಿನ ತೋಟೆಯನ್ನು ಮತ್ತೆ ತುಂಬಲು ಬಳಸುವ ಅಚ್ಚು ಅದು.

ಅಚ್ಚು ಮಾಡುವ ಕೆಲಸ

ತೋಟೆಯೊಂದರಲ್ಲಿ ನಾಲ್ಕು ಅಂಗ: ಹಿತ್ತಾಳೆಯ ಕೊಳವೆ, ಅದರ ಹಿಂಬದಿಯಲ್ಲಿ ಕಿಡಿ ಹುಟ್ಟಿಸುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಹಾರಿಸಿದಾಗ ಕೇಪು, ಮದ್ದು, ಗುಂಡು ಮೂರೂ ಖರ್ಚಾಗುತ್ತವೆ. ಕೊಳವೆ ಮಾತ್ರ ಉಳಿಯುತ್ತದೆ. ಆದರೆ ಅದು ಮೊದಲಿನ ಅಳತೆಯಲ್ಲಿ ಉಳಿಯುವುದಿಲ್ಲ. ಸ್ಫೋಟದ ಒತ್ತಡಕ್ಕೆ ಹಿತ್ತಾಳೆ ಉಬ್ಬಿ, ಕೋವಿಯ ಗೂಡಿನ ಗೋಡೆಗೆ ಅಂಟಿದಷ್ಟು ಹಿಗ್ಗಿರುತ್ತದೆ. ಹಿಗ್ಗಿದ ಕೊಳವೆಯನ್ನು ಮತ್ತೆ ಮೊದಲಿನ ಅಳತೆಗೆ ಒತ್ತುವ ಸಾಧನವೇ ಈ ಅಚ್ಚು. ಚಕ್ಕುಲಿ ಒರಳಿನ ಬಿಲ್ಲೆ ಹಿಟ್ಟಿಗೆ ಆಕಾರ ಕೊಡುವಂತೆ ಇದು ಹಿತ್ತಾಳೆಗೆ ಆಕಾರ ಕೊಡುತ್ತದೆ.

ಸಾಮಾನ್ಯವಾಗಿ ಇದು ಒಂಟಿಯಾಗಿರುವುದಿಲ್ಲ. ಕುತ್ತಿಗೆ ಕಿರಿದಾದ ರೈಫಲ್ ತೋಟೆಗೆ ಎರಡು ಅಚ್ಚುಗಳ ಜೊತೆ: ಒಂದು ಕೊಳವೆಯನ್ನು ಒತ್ತಿ ಹಳೆಯ ಕೇಪನ್ನು ತಳ್ಳಿ ಹೊರಹಾಕಲು, ಇನ್ನೊಂದು ಗುಂಡನ್ನು ಬಾಯಲ್ಲಿ ಕೂರಿಸಲು. ನೇರ ಕೊಳವೆಯ ಪಿಸ್ತೂಲು ತೋಟೆಗೆ ಮೂರರ ಜೊತೆ. ಬಾಯನ್ನು ತುಸು ಅಗಲಿಸುವುದು ಅದರಲ್ಲಿ ನಡುವಿನದು. ಇವುಗಳನ್ನು ಸನ್ನೆಗೋಲಿರುವ ಒಂದು ಪ್ರೆಸ್ಸಿಗೆ ತಿರುಗಿಸಿ ಕೂರಿಸುತ್ತಾರೆ. ಹೊರಮೈಗೆ ಥ್ರೆಡ್ ಇರುವುದು ಅದಕ್ಕಾಗಿ.

ಇಲ್ಲಿ ನಮ್ಮ ಸದಸ್ಯರ ಲೆಕ್ಕದ ಮೊದಲ ತಪ್ಪು ಸಿಕ್ಕಿತು. ಅವರದು ಚರೆ ಹಾರಿಸುವ ಹನ್ನೆರಡು ಬೋರಿನ ಕೋವಿ. ಅದರ ತೋಟೆ ರಟ್ಟಿನದು ಅಥವಾ ಪ್ಲಾಸ್ಟಿಕ್ಕಿನದು, ಬುಡಕ್ಕೆ ಮಾತ್ರ ಲೋಹದ ಬಟ್ಟಲು. ರೈಫಲ್ಲಿನ ಅಚ್ಚು ಅದಕ್ಕೆ ಯಾವ ಕೆಲಸಕ್ಕೂ ಬಾರದು. ಅವರ ತಂದೆ ಬಳಸುತ್ತಿದ್ದುದು ಬೇರೆಯೇ ಸಾಮಾನು. ಎರಡನ್ನೂ ‘ಡೈ’ ಎಂದೇ ಕರೆಯುವುದರಿಂದ ಈ ಗೊಂದಲ.

ಇವು ಇಲ್ಲಿಗೆ ಹೇಗೆ ಬಂದಾವು?

ಬೆಂಗಳೂರಿನ ಪೂರ್ವ ಭಾಗ 1809ರ ಹೊತ್ತಿನಿಂದ ದಂಡಿನ ನೆಲ. ಹಲಸೂರು ಕೆರೆಯ ಬಳಿ ಇಂದಿಗೂ ಮದ್ರಾಸ್ ಸ್ಯಾಪರ್ಸ್ ಪಡೆಯ ಕೇಂದ್ರವಿದೆ. 1947ರವರೆಗೆ ಕಂಟೋನ್ಮೆಂಟು ಬ್ರಿಟಿಷರ ಆಡಳಿತದ ಪ್ರತ್ಯೇಕ ಠಾಣೆಯಾಗಿತ್ತು. ಅಲ್ಲಿನ ದೊರೆಗಳಿಗೆ ಶಿಕಾರಿಯ ಹುಚ್ಚು. ನಮ್ಮ ಕಡೆಯ ಕಾಫಿ ತೋಟದ ದೊರೆಗಳಿಗೂ ಕೋವಿ, ತೋಟೆ, ಅದರ ಸರಂಜಾಮು ಬರುತ್ತಿದ್ದುದು ಇಂಥ ದೊಡ್ಡ ಊರುಗಳ ಅಂಗಡಿಗಳಿಂದಲೇ. ಊರು ಬಿಟ್ಟು ಹೋಗುವವರು ಮನೆಯ ಸಾಮಾನನ್ನು ಹರಾಜಿಗೆ ಹಾಕಿ ಹೋಗುವ ವಾಡಿಕೆ ಇತ್ತು. ಕೋವಿ ಲೆಕ್ಕಕ್ಕೆ ಸಿಕ್ಕೀತು. ಕೋವಿಯ ಜೊತೆಗಿದ್ದ ಸಣ್ಣಪುಟ್ಟ ಕಬ್ಬಿಣವನ್ನು ಯಾರು ಲೆಕ್ಕ ಇಟ್ಟಾರು?

ಈಗಿನ ದಾರಿ ಇನ್ನೊಂದು. ಇಂದಿರಾನಗರದಲ್ಲಿ, ಅಲ್ಲಿನ ಡಿಫೆನ್ಸ್ ಕಾಲೊನಿಯಲ್ಲಿ, ನಿವೃತ್ತರು ಕಟ್ಟಿಕೊಂಡ ಮನೆಗಳು ಒಂದೊಂದಾಗಿ ಉರುಳಿ ಅಪಾರ್ಟ್‌ಮೆಂಟುಗಳು ಏಳುತ್ತಿವೆ. ಮಕ್ಕಳು ದೂರದಲ್ಲಿರುತ್ತಾರೆ. ಹಳೆಯ ಪೆಟ್ಟಿಗೆಗಳು ಬಾಯಿ ತೆರೆಯದೆಯೇ ಗುಜರಿಯವನ ಗಾಡಿಗೆ ಹೋಗುತ್ತವೆ. ಹಳೇ ಮದ್ರಾಸ್ ರಸ್ತೆಯ ಉದ್ದಕ್ಕೆ ಕೆ.ಆರ್.ಪುರಂವರೆಗೆ ಒಂದು ಕಾಲದಲ್ಲಿ ದೊಡ್ಡ ಕಾರ್ಖಾನೆಗಳ ಸಾಲೇ ಇತ್ತು. ದೂರವಾಣಿನಗರದಲ್ಲಿ 1948ರಲ್ಲಿ ಆರಂಭವಾದ ಐ.ಟಿ.ಐ., ಬೈಯಪ್ಪನಹಳ್ಳಿಯಲ್ಲಿ 2002ರಲ್ಲಿ ಬಾಗಿಲು ಮುಚ್ಚಿದ ಎನ್.ಜಿ.ಇ.ಎಫ್. ನಮಗೆಲ್ಲ ಗೊತ್ತಿರುವ ಹೆಸರುಗಳು. ಇಂಥ ಕೈಗಾರಿಕಾ ಪ್ರದೇಶದ ಗುಜರಿಯಲ್ಲಿ ಪಂಚು, ಬುಷ್ಷು, ಒತ್ತಚ್ಚುಗಳಿಗೆ ಬರವಿಲ್ಲ. ಆ ರಾಶಿಯಲ್ಲಿ ತೋಟೆಯ ಅಚ್ಚೊಂದು ಸೇರಿಬಿಟ್ಟರೆ ಮಾರುವವನಿಗೂ ತಿಳಿಯದು, ಕೊಳ್ಳುವವನಿಗೂ ತಿಳಿಯದು. ಆದ್ದರಿಂದಲೇ ಗುರುತು ತಿಳಿದಿರಬೇಕು.

ಗುರುತುಗಳು

ಮೊದಲನೆಯದು, ಒಳಗೆ ನೋಡಿ. ಪೈಪಿನ ಡೈಗೆ ಒಳಗಡೆ ಕತ್ತರಿಸುವ ಹಲ್ಲುಗಳಿರುತ್ತವೆ. ಕತ್ತರಿಸಿದ ಚೂರು ಹೊರಬೀಳಲು ಹಲ್ಲುಗಳ ನಡುವೆ ಸಂದು ಇರುತ್ತದೆ. ತೋಟೆಯ ಅಚ್ಚಿನ ಒಳಮೈ ಕನ್ನಡಿಯಂತೆ ನಯ, ಹಲ್ಲೇ ಇಲ್ಲ. ಥ್ರೆಡ್ ಇರುವುದು ಹೊರಮೈಗೆ ಮಾತ್ರ. ಈ ಒಂದು ಗುರುತಿನಿಂದಲೇ ಬಹುಪಾಲು ನಿರ್ಧಾರವಾಗುತ್ತದೆ.

ಎರಡನೆಯದು, ಅಳತೆ. ಅಮೆರಿಕದ ಕಂಪೆನಿಗಳು ಹೆಚ್ಚಾಗಿ ಅನುಸರಿಸುವ ಪದ್ಧತಿಯಲ್ಲಿ ಹೊರಮೈಯ ಅಡ್ಡಳತೆ ಇಂಚಿನ ಎಂಟನೆಯ ಏಳು ಭಾಗ, ಅಂದರೆ ಸುಮಾರು 22 ಮಿಲಿಮೀಟರು. ಇಂಚಿಗೆ 14 ಥ್ರೆಡ್. ಅರ್ಧ ಇಂಚಿನ ಪೈಪಿನ ಥ್ರೆಡ್ ಸುಮಾರು 21 ಮಿಲಿಮೀಟರು. ಒಂದು ಮಿಲಿಮೀಟರಿನ ಅಂತರ ಬರಿಗಣ್ಣಿಗೆ ಕಾಣದು. ಆದರೆ ಅರ್ಧ ಇಂಚಿನ ಸಾಕೆಟ್ಟು ಕೈಯಲ್ಲಿದ್ದರೆ ತಿರುಗಿಸಿ ನೋಡಿ, ಕೂರುವುದಿಲ್ಲ.

ಮೂರನೆಯದು, ಬಳೆ ಮತ್ತು ಕಡ್ಡಿ. ಹೊರಮೈಯ ಮೇಲೆ ಮೇಲೆ ಕೆಳಗೆ ಸರಿಸಿ ಬಿಗಿಮಾಡುವ ಬಳೆಯೊಂದು ಇರುತ್ತದೆ. ನೆತ್ತಿಯಿಂದ ಒಳಕ್ಕೆ ಇಳಿದ ಒಂದು ಕಡ್ಡಿ, ಅದರ ತುದಿಯಲ್ಲಿ ದಬ್ಬಳದ ಮೊನೆಯಂಥ ಸೂಜಿ ಇದ್ದರೆ ಅದು ಹಳೆಯ ಕೇಪನ್ನು ತಳ್ಳುವ ಅಚ್ಚು. ಸೂಜಿಯಿಲ್ಲದೆ ಬಟ್ಟಲಿನಂಥ ತುದಿ ಇದ್ದರೆ ಗುಂಡು ಕೂರಿಸುವ ಅಚ್ಚು.

ನಾಲ್ಕನೆಯದು, ಮುದ್ರೆ. ನೆತ್ತಿಯ ಸುತ್ತಿನಲ್ಲಿ ತಯಾರಕರ ಹೆಸರೂ ತೋಟೆಯ ಜಾತಿಯೂ ಕೊರೆದಿರುತ್ತವೆ. ಆರ್.ಸಿ.ಬಿ.ಎಸ್., ಲೈಮನ್, ಪೆಸಿಫಿಕ್, ರೆಡಿಂಗ್, ಲೀ ಇವು ಅಮೆರಿಕದ ಹೆಸರುಗಳು. 303, 30-06, 375 ಮುಂತಾದ ಅಂಕಿ ಕಂಡರೆ ರೈಫಲ್. 38, 45 ಆದರೆ ಹೆಚ್ಚಾಗಿ ಪಿಸ್ತೂಲು ಅಥವಾ ರಿವಾಲ್ವರು. ಲೀ ಕಂಪೆನಿ 1958ರಿಂದ ಮಾರಿದ ಕೈಸೆಟ್ಟಿನಲ್ಲಿ ಥ್ರೆಡ್ಡೇ ಇಲ್ಲ. ಕೊಡತಿಯಿಂದ ಬಡಿದು ಕೆಲಸ ಮಾಡುವ ನುಣುಪು ಕೊಳವೆ ಅದು. ಹಾಗಾಗಿ ಥ್ರೆಡ್ ಇಲ್ಲವೆಂದ ಮಾತ್ರಕ್ಕೆ ತೋಟೆಯ ಅಚ್ಚಲ್ಲ ಎಂದು ತಿಳಿಯಬಾರದು.

ಐದನೆಯದು, ಚರೆ ತೋಟೆಯ ಸರಂಜಾಮು. ನಮ್ಮ ಅಟ್ಟಗಳಲ್ಲಿ ಇರುವುದು ಹೆಚ್ಚಾಗಿ ಇದೇ. ಮೇಜಿನ ಅಂಚಿಗೆ ಬಿಗಿಯುವ, ಕೈಹಿಡಿ ತಿರುಗಿಸುವ ಪುಟ್ಟ ಯಂತ್ರವೊಂದಿರುತ್ತದೆ. ಒಂದು ನೋಟಕ್ಕೆ ತೆಂಗಿನಕಾಯಿ ತುರಿಯುವ ಯಂತ್ರದ ಹಾಗೆ. ರಟ್ಟಿನ ತೋಟೆಯ ಬಾಯಂಚನ್ನು ಒಳಕ್ಕೆ ಮಡಚುವುದು ಅದರ ಕೆಲಸ. ಜೊತೆಗೆ ಮರದ ಗುಂಡು ಹಿಡಿಯ ಹಿತ್ತಾಳೆ ಕಡ್ಡಿ, ಕೇಪು ತೆಗೆದು ಹಾಕುವ ಸಣ್ಣ ಸಾಧನ, ಮದ್ದು ಮತ್ತು ಚರೆ ಅಳೆಯುವ ಹಿಡಿಯುಳ್ಳ ಬಟ್ಟಲು. ಇಂಗ್ಲೆಂಡಿನ ಶೆಫೀಲ್ಡಿನ ಡಿಕ್ಸನ್, ಹಾಕ್ಸ್‌ಲಿ ಕಂಪೆನಿಗಳ ಮುದ್ರೆ ಇಂಥ ಸಾಮಾನಿನ ಮೇಲೆ ಕಾಣಸಿಗುತ್ತದೆ. ಇಕ್ಕಳದ ಆಕಾರದ, ಬಾಯಿ ಮುಚ್ಚಿದರೆ ಒಳಗೆ ಗೋಲಿಯಷ್ಟು ಪೊಳ್ಳು ಉಳಿಯುವ ಸಾಧನ ಸೀಸದ ಗುಂಡು ಎರೆಯುವ ಅಚ್ಚು.

ಹಳೆಯದರ ಗುಣದೋಷ

ಅಮೆರಿಕದಂಥ ದೇಶದಲ್ಲಿ ಇವು ನಮ್ಮಲ್ಲಿನ ಸ್ಪ್ಯಾನರಿನಂತೆ ಬಹಿರಂಗವಾಗಿ ಮಾರಾಟವಾಗುವ ಸಾಮಾನು. ಅಲ್ಲಿನವರೂ ಹಳೆಯದನ್ನು ಕೊಳ್ಳುವಾಗ ಒಳಮೈಗೆ ದೀಪ ಹಿಡಿದು ನೋಡುತ್ತಾರೆ. ಒಂದು ಗೀರಿದ್ದರೆ ಒತ್ತಿದ ಪ್ರತಿ ಕೊಳವೆಯ ಮೇಲೂ ಅದೇ ಗೀರು ಮೂಡುತ್ತದೆ. ತುಕ್ಕು ತಿಂದು ಗುಳಿಬಿದ್ದಿದ್ದರೆ ಎಣ್ಣೆ ಹಾಕಿ ಉಜ್ಜಿದರೂ ಅಳತೆ ಹಿಂದಿರುಗದು. ಕಡ್ಡಿಯ ಸೂಜಿ ಬಾಗಿದ್ದರೆ ಬದಲಿಸಬಹುದು. ಆದರೆ ಹಿಂದಿನ ಒಡೆಯನು ಬಾಯಂಚನ್ನು ತನ್ನ ಕೋವಿಗೆ ಹೊಂದುವಂತೆ ಅರೆದಿದ್ದರೆ ಬೇರೆಯವರ ಕೋವಿಗೆ ಅದು ಅಪಾಯ. ಒಂದು ಜೊತೆಯ ಎರಡೂ ಅಚ್ಚುಗಳ ಮೇಲಿನ ಮುದ್ರೆ ಒಂದೇ ಇದೆಯೆ, ಪೆಟ್ಟಿಗೆಯ ಮೇಲಿನ ಹೆಸರಿಗೂ ಒಳಗಿನ ಸಾಮಾನಿಗೂ ತಾಳೆಯಾಗುತ್ತದೆಯೆ ಎಂದು ಅವರು ನೋಡುತ್ತಾರೆ.

ಗುಜರಿ ತಟ್ಟೆಯಲ್ಲಿ ಒಂಟಿಯಾಗಿ, ಪೆಟ್ಟಿಗೆಯಿಲ್ಲದೆ, ಬೇರಿಂಗುಗಳ ಜೊತೆ ಉಜ್ಜಾಡುತ್ತ ಬಿದ್ದ ಅಚ್ಚು ಈ ಪರೀಕ್ಷೆಯಲ್ಲಿ ಯಾವುದಕ್ಕೂ ನಿಲ್ಲುವುದಿಲ್ಲ. ಅಂದರೆ ಕಾನೂನಿನ ಮಾತು ಬರುವ ಮೊದಲೇ, ಬರಿಯ ಸಾಮಾನಾಗಿ ನೋಡಿದರೂ ಅದು ಕೊಟ್ಟ ಹಣಕ್ಕೆ ಬಾಳದ್ದು.

ಇನ್ನು ತುಂಬುವ ಕೆಲಸದ ಅಪಾಯ. ಹಳೆಯ ಕರಿಮದ್ದಿನ ಕಾಲದ ಅಳತೆ ಬಟ್ಟಲಿನಲ್ಲಿ ಇಂದಿನ ಹೊಗೆಯಿಲ್ಲದ ಮದ್ದನ್ನು ತುಂಬಿದರೆ ಒತ್ತಡ ಹಲವು ಪಟ್ಟು ಏರಿ ನಳಿಗೆ ಸೀಳಬಹುದು. ಎಡಗೈ ಇರುವುದೇ ನಳಿಗೆಯ ಕೆಳಗೆ. ನಮ್ಮ ಹಿರಿಯರು ತುಂಬುತ್ತಿದ್ದರು ನಿಜ. ಅವರ ಮದ್ದು ಬೇರೆ, ಅವರ ಕೋವಿ ಆಗ ಹೊಸದು. ಅದೇ ಕೋವಿಗೆ ಈಗ ಎಪ್ಪತ್ತು ವರ್ಷ.

ಕಾಯಿದೆ ಏನು ಹೇಳುತ್ತದೆ

ಈಗ ಮುಖ್ಯ ವಿಷಯ. 1959ರ ಶಸ್ತ್ರಾಸ್ತ್ರ ಕಾಯಿದೆ 1962ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದರ 2ನೆಯ ಕಲಮು ‘ಮದ್ದುಗುಂಡು’ ಎಂಬ ಪದದ ಅರ್ಥವನ್ನು ವಿವರಿಸುತ್ತದೆ. ತುಂಬಿದ ತೋಟೆ ಮಾತ್ರ ಮದ್ದುಗುಂಡು ಎಂದು ನಾವು ತಿಳಿದಿದ್ದೆವು. ಕಾಯಿದೆ ಹಾಗೆ ಹೇಳುವುದಿಲ್ಲ. ಮದ್ದುಗುಂಡಿನ ಬಿಡಿಭಾಗಗಳು ಮತ್ತು ಮದ್ದುಗುಂಡನ್ನು ತಯಾರಿಸುವ ಯಂತ್ರೋಪಕರಣ ಇವೂ ಆ ಪದದೊಳಗೇ ಸೇರಿವೆ.

ಇದರ ಪರಿಣಾಮವನ್ನು ಸದಸ್ಯರು ನಿಧಾನವಾಗಿ ಗ್ರಹಿಸಬೇಕು. ಒಂದು ಕಾಳು ಮದ್ದಿಲ್ಲದ, ತಾನಾಗಿ ಏನೂ ಮಾಡಲಾರದ ಉಕ್ಕಿನ ತುಂಡು ಕಾಯಿದೆಯ ಕಣ್ಣಿನಲ್ಲಿ ತುಂಬಿದ ತೋಟೆಯ ಸಾಲಿನಲ್ಲಿ ನಿಲ್ಲಬಹುದು. ಕೈಯಲ್ಲಿ ಹಿಡಿಯುವ ಅಚ್ಚು ‘ಯಂತ್ರೋಪಕರಣ’ ಹೌದೆ ಅಲ್ಲವೆ ಎಂದು ವಕೀಲರು ವಾದಿಸಬಹುದು. ಆದರೆ ಆ ವಾದ ನಡೆಯುವುದು ನ್ಯಾಯಾಲಯದಲ್ಲಿ, ನಾವು ಕಟಕಟೆಯಲ್ಲಿ ನಿಂತಿರುವಾಗ. ಕಾಫಿ ಕೊಯ್ಲಿನ ನಡುವೆ ಅಂಥ ವಾಯಿದೆಗೆ ಓಡಾಡುವ ಪುರುಸೊತ್ತು ನಮ್ಮಲ್ಲಿ ಯಾರಿಗಿದೆ?

ಕಾಯಿದೆಯ 3ನೆಯ ಕಲಮು ಲೈಸೆನ್ಸಿಲ್ಲದೆ ಬಂದೂಕು, ಮದ್ದುಗುಂಡು ಪಡೆಯುವುದನ್ನೂ ಇಟ್ಟುಕೊಳ್ಳುವುದನ್ನೂ ನಿಷೇಧಿಸುತ್ತದೆ. 5ನೆಯ ಕಲಮು ತಯಾರಿಕೆ ಮತ್ತು ಮಾರಾಟದ ಬಗ್ಗೆ; ಅದಕ್ಕೆ ಬೇರೆಯೇ ಲೈಸೆನ್ಸು ಬೇಕು. ಕೋವಿ ಇಟ್ಟುಕೊಳ್ಳಲು ನಮಗೆ ಕೊಟ್ಟಿರುವ ಲೈಸೆನ್ಸು ತೋಟೆ ತಯಾರಿಸಲು ಕೊಟ್ಟ ಲೈಸೆನ್ಸಲ್ಲ. 5ನೆಯ ಕಲಮನ್ನು ಮೀರಿದರೆ 2019ರ ತಿದ್ದುಪಡಿಯ ನಂತರ ಕನಿಷ್ಠ ಶಿಕ್ಷೆ 7 ವರ್ಷ, ಗರಿಷ್ಠ ಜೀವಾವಧಿ. ಕಳ್ಳ ಕಾರ್ಖಾನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ತಿದ್ದುಪಡಿ ಇರಬಹುದು. ಆದರೆ ಅಕ್ಷರದಲ್ಲಿ ಅಟ್ಟದ ಮೇಲೆ ನಾಲ್ಕು ತೋಟೆ ತುಂಬುವವನಿಗೂ ಕಾರ್ಖಾನೆಯವನಿಗೂ ಬೇರೆ ಬೇರೆ ಸಾಲು ಬರೆದಿಲ್ಲ.

ಸರ್ಕಾರಕ್ಕೆ ಇಷ್ಟು ಬಿಗಿ ಏಕೆ ಎಂದು ಕೇಳುವವರಿದ್ದಾರೆ. ನಮ್ಮ ಲೈಸೆನ್ಸು ಪುಸ್ತಕವನ್ನೇ ತೆರೆದು ನೋಡೋಣ. ಎಷ್ಟು ತೋಟೆ ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂಬ ನಮೂದು ಅಲ್ಲಿರುತ್ತದೆ; ಅಂಗಡಿಯವನು ಪ್ರತಿ ಮಾರಾಟವನ್ನೂ ಬರೆಯುತ್ತಾನೆ. ಇಡೀ ಏರ್ಪಾಡು ನಿಂತಿರುವುದು ಆ ಎಣಿಕೆಯ ಮೇಲೆ. ಮನೆಯಲ್ಲಿ ತುಂಬಿದ ತೋಟೆ ಯಾವ ಪುಸ್ತಕದಲ್ಲೂ ಕಾಣುವುದಿಲ್ಲ. ನಮ್ಮ ಗೋದಾಮಿನಲ್ಲಿ ಚೀಲದ ಲೆಕ್ಕ ತಪ್ಪಿದರೆ ನಾವು ಸುಮ್ಮನಿರುತ್ತೇವೆಯೆ?

ನಾವು ಕಂಡ 303 ಅಂಕಿಯ ಅಚ್ಚಿನದು ಇನ್ನೂ ಒಂದು ತೊಡಕು. ಅದು ಸೈನ್ಯದ ತೋಟೆಯ ಅಳತೆ. ಅಂಥ ಬೋರಿನ ರೈಫಲ್ ನಮ್ಮಲ್ಲಿ ‘ನಿಷೇಧಿತ ಬೋರ್’ ಎಂಬ ವರ್ಗಕ್ಕೆ ಸೇರುತ್ತದೆ; ಸಾಮಾನ್ಯ ಲೈಸೆನ್ಸು ಅದನ್ನು ಮುಟ್ಟುವುದಿಲ್ಲ.

ಮೂರು ಸಂದೇಹಗಳು

ಕೊಡಗಿನ ಕಡೆಯ ಸದಸ್ಯರು, “ನಮಗೆ ವಿನಾಯಿತಿ ಇದೆಯಲ್ಲ?” ಎನ್ನಬಹುದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕಾಯಿದೆಯ 41ನೆಯ ಕಲಮಿನಡಿ ವಿನಾಯಿತಿ ಇರುವುದು ನಿಜ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿದಿದೆ. ಆದರೆ ಅದು ಕೋವಿ ಹೊಂದುವ ವಿನಾಯಿತಿ. ತೋಟೆ ತಯಾರಿಸುವ ವಿನಾಯಿತಿ ಎಂದು ಅದನ್ನು ಓದಿಕೊಳ್ಳಬಾರದು.

ಕೇಪಿನ ಕೋವಿ ಇರುವವರಿಗೆ ಗಾಬರಿ ಬೇಡ. ಬೆಳೆ ರಕ್ಷಣೆಗೆಂದು ಲೈಸೆನ್ಸು ಪಡೆದ, ಬಾಯಿಂದ ಮದ್ದು ಹಾಕುವ ಕೋವಿಗೆ ಮದ್ದು ಜಡಿಯುವುದು ಅದನ್ನು ಬಳಸುವ ರೀತಿಯೇ ಹೊರತು ತೋಟೆಯ ತಯಾರಿಕೆಯಲ್ಲ. ಮದ್ದನ್ನೂ ಕೇಪನ್ನೂ ಲೈಸೆನ್ಸು ತೋರಿಸಿ, ಲೈಸೆನ್ಸಿರುವ ಅಂಗಡಿಯಲ್ಲಿ ಕೊಂಡರಾಯಿತು. ಆದರೆ ಬೆಳೆ ರಕ್ಷಣೆಯ ಲೈಸೆನ್ಸು ಬೇಟೆಯ ಅನುಮತಿಯಲ್ಲ. 1972ರ ವನ್ಯಜೀವಿ ಕಾಯಿದೆ ಅದರ ಮೇಲೆ ನಿಂತೇ ಇದೆ.

ಅಮೆರಿಕದಲ್ಲಿ ಮಗನೋ ಅಳಿಯನೋ ಇರುವ ಮನೆಗಳು ಈಗ ನಮ್ಮಲ್ಲಿ ಬಹಳ. “ಅಲ್ಲಿ ಅಂಗಡಿಯಲ್ಲೇ ಸಿಗುತ್ತದಂತೆ, ಬರುವಾಗ ಒಂದು ಜೊತೆ ತಾ” ಎಂದು ಫೋನಿನಲ್ಲಿ ಹೇಳುವುದು ಸುಲಭ. ಕಾಯಿದೆಯ 10ನೆಯ ಕಲಮಿನಂತೆ ಶಸ್ತ್ರ, ಮದ್ದುಗುಂಡನ್ನು ದೇಶದೊಳಗೆ ತರಲು ಪ್ರತ್ಯೇಕ ಲೈಸೆನ್ಸು ಬೇಕು. ವಿಮಾನ ನಿಲ್ದಾಣದ ಯಂತ್ರಕ್ಕೆ ಉಕ್ಕಿನ ಕೊಳವೆ ಕಾಣದೆ ಇರದು. ವರ್ಷಕ್ಕೊಮ್ಮೆ ಮನೆಗೆ ಬರುವ ಮಗ ಕಸ್ಟಮ್ಸ್ ಕೋಣೆಯಲ್ಲಿ ಕೂರುವಂತೆ ಮಾಡುವಷ್ಟು ದೊಡ್ಡದಲ್ಲ ತೋಟೆಯ ಖರ್ಚು.

ನಮ್ಮ ಅಟ್ಟದ ಪೆಟ್ಟಿಗೆ

ಊರಿಗೆ ಹಿಂದಿರುಗಿ ಇದನ್ನೆಲ್ಲ ಓದಿದ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ. ನಮ್ಮ ಮನೆಯ ಅಟ್ಟದಲ್ಲೇ ಅಂಥದೊಂದು ಪೆಟ್ಟಿಗೆ ಇದೆಯೆಂಬುದು ನೆನಪಾಯಿತು. ತಂದೆಯವರು ತೀರಿಕೊಂಡಾಗ ಅವರ ಕೋವಿಯನ್ನು ಕ್ರಮದಂತೆ ನಮ್ಮ ಹೆಸರಿಗೆ ಮಾಡಿಸಿಕೊಂಡಿದ್ದೆವು. ಪೆಟ್ಟಿಗೆಯ ಬಗ್ಗೆ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಅದು ಲೆಕ್ಕಕ್ಕೆ ಬರುವ ವಸ್ತುವೆಂದು ಹೊಳೆಯಲೇ ಇಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷ ಅದರ ಮೇಲೆ ಅಡಿಕೆ ಹಾಳೆಯ ಕಟ್ಟು ಇಟ್ಟುಕೊಂಡು ಬಂದಿದ್ದೆವು. ಸಂಘದಲ್ಲಿ ಇತರರ ಕಾಗದಪತ್ರ ಸರಿಪಡಿಸುವವರ ಮನೆಯ ಸ್ಥಿತಿ ಇದು.

ಬೆಳಗ್ಗೆ ಇಳಿಸಿ ನೋಡಿದೆವು. ಬಾಯಿ ಮಡಚುವ ಯಂತ್ರ, ಕೇಪು ತೆಗೆಯುವ ಸಾಧನ, ಅಳತೆ ಬಟ್ಟಲು, ಸುಮಾರು ಮೂವತ್ತು ಖಾಲಿ ತೋಟೆ, ತಳದಲ್ಲಿ ಮುಚ್ಚಳ ತುಕ್ಕು ಹಿಡಿದ ಒಂದು ತಗಡಿನ ಡಬ್ಬಿ. ಡಬ್ಬಿಯನ್ನು ತೆರೆಯದೆ ಪಕ್ಕಕ್ಕಿಟ್ಟೆವು. ಮೊಮ್ಮಕ್ಕಳು ರಜೆಯಲ್ಲಿ ಆಡುವ ಅಟ್ಟ ಅದು.

ಕಾಯಿದೆಯ 21ನೆಯ ಕಲಮಿನಲ್ಲಿ ದಾರಿ ಇದೆ. ಯಾವುದೇ ಕಾರಣದಿಂದ ಶಸ್ತ್ರವನ್ನಾಗಲಿ ಮದ್ದುಗುಂಡನ್ನಾಗಲಿ ಇಟ್ಟುಕೊಳ್ಳುವುದು ಕಾನೂನುಬದ್ಧವಲ್ಲದಂತಾದರೆ, ವಿಳಂಬವಿಲ್ಲದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಲೈಸೆನ್ಸುದಾರ ವ್ಯಾಪಾರಿಯಲ್ಲಿ ಠೇವಣಿ ಇಡಬೇಕು. ನಾವು ಮೊದಲು ವಕೀಲರೊಬ್ಬರನ್ನು ಕಂಡು, ಠಾಣೆಗೆ ಪತ್ರ ಬರೆದು, ಪೆಟ್ಟಿಗೆಯ ಪಟ್ಟಿಯನ್ನು ಎರಡು ಪ್ರತಿ ಮಾಡಿ, ಒಂದಕ್ಕೆ ಸ್ವೀಕೃತಿಯ ಸಹಿ ಪಡೆದೆವು. ಡಬ್ಬಿಯಿದ್ದ ವಿಷಯವನ್ನು ಮುಂಚಿತವಾಗಿಯೇ ತಿಳಿಸಿದೆವು. ಒಂದು ಬೆಳಗಿನ ಕೆಲಸ ಮುಗಿಯಿತು. ಹಿತ್ತಾಳೆಯ ಅಳತೆ ಬಟ್ಟಲಿನ ಹಿಡಿ ತಂದೆಯವರ ಕೈ ಸವೆಸಿ ನುಣುಪಾಗಿತ್ತು. ಅದನ್ನು ಕೊಡುವಾಗ ಮನಸ್ಸಿಗೆ ಕಷ್ಟವಾಗಲಿಲ್ಲ ಎಂದರೆ ಸುಳ್ಳಾದೀತು.

ಸದಸ್ಯರು ಮಾಡಬೇಕಾದುದು

ಚುನಾವಣೆ ಬಂದಾಗಲೆಲ್ಲ ಕೋವಿಗಳನ್ನು ಠಾಣೆಗೆ ಒಪ್ಪಿಸುವ ಗಡಿಬಿಡಿ ನಮಗೆ ಗೊತ್ತಿದೆ. ಆ ಗಡಿಬಿಡಿಗೆ ಕಾಯದೆ, ಬಿಡುವಿರುವ ಒಂದು ದಿನ ಅಟ್ಟ, ಹಳೆಯ ಕಾಫಿ ಗೋದಾಮು, ಲೈನ್ ಮನೆಯ ಮೂಲೆ ಇವನ್ನು ನೋಡಿಕೊಳ್ಳಿ. ಮೇಲಿನ ಗುರುತುಗಳ ಸಾಮಾನು ಕಂಡರೆ ಗುಜರಿಯವನಿಗೆ ತೂಕಕ್ಕೆ ಹಾಕಬೇಡಿ. ಹಾಕಿದರೆ ಅದು ಮಾರಾಟ; 5ನೆಯ ಕಲಮು ಬರುವುದು ಅಲ್ಲಿಗೇ. ಬಾವಿಗೋ ಕೆರೆಗೋ ಎಸೆಯಬೇಡಿ. ಹಳೆಯ ಮದ್ದು, ಕೇಪಿನ ಡಬ್ಬಿ ಇದ್ದರೆ ಅಲುಗಿಸಬೇಡಿ, ಒಲೆಯ ಬಳಿ ತರಬೇಡಿ, ಠಾಣೆಗೆ ತಿಳಿಸಿ ಅವರು ಹೇಳಿದಂತೆ ನಡೆದುಕೊಳ್ಳಿ.

ಲೈಸೆನ್ಸಿರುವವರು ತಮ್ಮ ಸ್ವಂತ ಬಳಕೆಯ ಕೋವಿಯನ್ನೋ ಮದ್ದುಗುಂಡನ್ನೋ ಲೈಸೆನ್ಸಿರುವ ಇನ್ನೊಬ್ಬರಿಗೆ ಕೊಡುವುದಕ್ಕೆ ಕಾಯಿದೆಯಲ್ಲಿ ಅವಕಾಶವಿದೆ. ಆದರೆ ಮುಂಚಿತವಾಗಿ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ, 45 ದಿನ ಕಳೆದ ಮೇಲೆ ಮಾತ್ರ. ಗುಜರಿ ತಟ್ಟೆಯ ಮುಂದೆ ನಿಂತು ಚೌಕಾಸಿ ಮಾಡುವ ವ್ಯಾಪಾರವಲ್ಲ ಅದು.

ಶಿವಾಜಿನಗರಕ್ಕೆ ಹೋಗಬೇಡಿ ಎಂದು ನಾವು ಹೇಳುತ್ತಿಲ್ಲ. ಪೈಪಿನ ಡೈ ಬೇಕಾದವರು ಧಾರಾಳವಾಗಿ ಹೋಗಿ. ಹಳೆಯ ಸೆಟ್ಟಿನ ಹಲ್ಲುಗಳ ಮೇಲೆ 1ರಿಂದ 4ರವರೆಗೆ ಅಂಕಿ ಇದ್ದರೆ ನಾಲ್ಕೂ ಒಂದೇ ಸೆಟ್ಟಿನವೆ ನೋಡಿ, ಮುರಿದ ಹಲ್ಲಿದ್ದರೆ ಬಿಡಿ, ಅರ್ಧ ಮತ್ತು ಮುಕ್ಕಾಲು ಇಂಚಿಗೆ 14 ಥ್ರೆಡ್, ಒಂದು ಇಂಚಿಗೆ 11 ಥ್ರೆಡ್ ಎಂಬುದು ನೆನಪಿರಲಿ. ಒಳಗೆ ಹಲ್ಲಿಲ್ಲದ ಡೈ ಯಾರಾದರೂ ಕೈಗಿಟ್ಟರೆ ನೆತ್ತಿ ಒರೆಸಿ ಅಂಕಿ ಓದಿ, ತಟ್ಟೆಗೆ ಹಿಂದಿರುಗಿಸಿ ಬನ್ನಿ.

ನಾವೂ ಹಾಗೆಯೇ ಮಾಡಿ ಬಂದೆವು. ಚೀಟಿ ಕೊಟ್ಟ ಸದಸ್ಯರಿಗೆ ಕಾಯಿದೆಯ ಆ ಸಾಲನ್ನು ಓದಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನಮ್ಮ ಅಪ್ಪನ ಯಂತ್ರ?” ಎಂದರು. ಅದು ಇನ್ನೂ ಅವರ ಮನೆಯಲ್ಲಿತ್ತು. ಮುಂದಿನ ಸೋಮವಾರ ಅವರ ಜೊತೆಯಲ್ಲಿ ನಾವೂ ಠಾಣೆಗೆ ಹೋಗಿ ಬಂದೆವು. ಪಟ್ಟಿ ಮತ್ತು ಪತ್ರದ ಮಾದರಿ ಸಂಘದ ಕಚೇರಿಯಲ್ಲಿದೆ; ಬೇಕಾದ ಸದಸ್ಯರು ಕೆಲಸದ ವೇಳೆಯಲ್ಲಿ ಬಂದು ಪಡೆಯಬಹುದು.